ಮಾಜಾಳಿಯ ಗಡಿ ಹುಟ್ಟಿದ್ದು ಸೋದೆ ಬಿದ್ದಾಗ: 1763ರ ಯುದ್ಧದ ಬಗ್ಗೆ ಮಾತಾಡೋಣ

ಕಾಳಿ ದಂಡೆ (ಸದಾಶಿವಗಡ)

ಕಾರವಾರದಿಂದ ಗೋವಾ ಕಡೆ ಹೋಗುವಾಗ ಮಾಜಾಳಿ ದಾಟಿದರೆ ಗೋವಾದ ಪೋಳೆಂ. ಆಚೆಗೂ ಕೊಂಕಣಿ, ಈಚೆಗೂ ಕೊಂಕಣಿ. ಅದೇ ಗುಡ್ಡ, ಅದೇ ಗೇರು ಮರ, ಅದೇ ಮೀನು. ನಡುವೆ ದೊಡ್ಡ ಹೊಳೆ ಕೂಡ ಇಲ್ಲ. ಹಾಗಿದ್ದರೆ ಗಡಿ ಅಲ್ಲೇ ಯಾಕೆ ಬಿತ್ತು?

ತುಂಬಾ ಜನ ಇದನ್ನು 1956ರ ರಾಜ್ಯ ವಿಂಗಡಣೆಯ ಗೆರೆ ಅಂದುಕೊಂಡಿದ್ದಾರೆ. ಆಗ ಗೋವಾ ಭಾರತದಲ್ಲೇ ಇರಲಿಲ್ಲ. ಈ ಗೆರೆಯ ಬೇರು ಇರುವುದು 1763ರಲ್ಲಿ. ಅದಕ್ಕೂ ಮುಂಚೆ ಕಾರವಾರ, ಅಂಕೋಲಾ, ಸಿರ್ಸಿ, ಯಲ್ಲಾಪುರ ಕಡೆಯ ಸೀಮೆ, ಅತ್ತ ಈಗ ಗೋವಾದಲ್ಲಿರುವ ಕಾಣಕೋಣ, ಜಾಂಬಾವಳಿ, ಪೋಂಡಾ ಎಲ್ಲ ಒಬ್ಬನೇ ರಾಜನ ಕೈಯಲ್ಲಿದ್ದವು. ಆ ರಾಜ ಇದ್ದದ್ದು ಸಿರ್ಸಿಯ ಹತ್ತಿರದ ಸೋದೆಯಲ್ಲಿ.

1763ರ ಆರಂಭದಲ್ಲಿ ಮೈಸೂರಿನ ಹೈದರ್ ಅಲಿ ಕೆಳದಿಯವರ ರಾಜಧಾನಿ ಬಿದನೂರು ಗೆದ್ದ. ಅದೇ ವರ್ಷದ ಕೊನೆಗೆ ಅವನ ಸೇನಾಪತಿ ಫಜಲುಲ್ಲಾ ಖಾನ್ ಸೋದೆಯ ಮೇಲೆ ಬಂದ. ಅಲ್ಲಿನ ಅರಸ ಇಮ್ಮಡಿ ಸದಾಶಿವ ಕುಟುಂಬದ ಜೊತೆ ಗೋವಾಕ್ಕೆ ಓಡಿದ. ಪೋರ್ಚುಗೀಸರು ಆಶ್ರಯ ಕೊಟ್ಟರು. ಕೊಟ್ಟ ಕೈಯಲ್ಲೇ ಪೋಂಡಾ, ಜಾಂಬಾವಳಿ, ಕಾಣಕೋಣ, ಕಾಬೊ ದಿ ರಾಮ ಕೋಟೆ ಎಲ್ಲ ತೆಗೆದುಕೊಂಡರು. ಘಟ್ಟದ ಮೇಲಿನ ಸೋದೆ, ಸದಾಶಿವಗಡ, ಕಾರವಾರ, ಅಂಕೋಲಾ ಮೈಸೂರಿಗೆ ಹೋದವು.

ನನ್ನ ಲೆಕ್ಕದಲ್ಲಿ ಗೆರೆ ಬಿದ್ದ ಜಾಗಕ್ಕೆ ಕಾರಣ ಸದಾಶಿವಗಡ. ಆ ಗುಡ್ಡದ ಮೇಲೆ ಒಮ್ಮೆ ನಿಂತು ನೋಡಿ. ಕೆಳಗೆ ಕಾಳಿ ನದಿ ಸಮುದ್ರ ಸೇರುವ ಬಾಯಿ, ಎದುರಿಗೆ ಕಾರವಾರ, ಪಶ್ಚಿಮಕ್ಕೆ ಕೂರ್ಮಗಡ ದ್ವೀಪ. ನದಿಗೆ ಬರುವ ಒಂದು ದೋಣಿಯೂ ಕಣ್ಣು ತಪ್ಪಿಸಿ ಒಳಗೆ ಹೋಗಲಾರದು. ಆ ಕೋಟೆ ಯಾರ ಕೈಲಿದೆಯೋ ಕಾಳಿಯ ವ್ಯಾಪಾರ ಅವರದ್ದು. ಅದು ಮೈಸೂರಿನವರ ಕೈಗೆ ಬಂತು. ಉತ್ತರದ ಗುಡ್ಡಗಳ ಆಚೆಗೆ ಪೋರ್ಚುಗೀಸರು ಕೂತರು. ಎರಡು ದಂಡುಗಳ ನಡುವೆ ಉಳಿದ ಜಾಗವೇ ಇವತ್ತಿನ ಗಡಿ.

ಒಂದು ಸಣ್ಣ ರಾಜ್ಯವನ್ನು ಅಕ್ಕಪಕ್ಕದವರು ಹಂಚಿಕೊಂಡ ಕಥೆ ಇದು. ನಮ್ಮ ಜಿಲ್ಲೆಯ ಆಕಾರವನ್ನೇ ಬದಲಾಯಿಸಿದ ಯುದ್ಧ. ಆದರೆ ನಾವು ಪಾಣಿಪತ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ, ಇದರ ಬಗ್ಗೆ ಮಾತೇ ಇಲ್ಲ. ಗೊತ್ತಿದ್ದವರು ಹೇಳಿ.

ಘಟ್ಟದ ಮೇಲಿನವಳು (ಸಿರ್ಸಿ)

ಈ ವಿಷಯ ಎತ್ತಿದ್ದಕ್ಕೆ ಖುಷಿಯಾಯಿತು. ನಮ್ಮೂರು ಸೋದೆಯ ಪಕ್ಕದಲ್ಲೇ. ಅಲ್ಲಿಗೆ ಬರುವವರು ಹೆಚ್ಚಾಗಿ ವಾದಿರಾಜ ಮಠಕ್ಕೆ ಬರುತ್ತಾರೆ, ತ್ರಿವಿಕ್ರಮ ದೇವರನ್ನು ನೋಡುತ್ತಾರೆ, ಊಟ ಮಾಡಿ ಹೋಗುತ್ತಾರೆ. ಇದು ಒಂದು ರಾಜಧಾನಿ ಆಗಿತ್ತು ಅನ್ನುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ.

ವಿಜಯನಗರದ ಕಾಲದಲ್ಲಿ ಅರಸಪ್ಪ ನಾಯಕ ಇಲ್ಲಿ ಆಳ್ವಿಕೆ ಶುರು ಮಾಡಿದ. ವಾದಿರಾಜರಿಗೆ ಆಸರೆ ಕೊಟ್ಟದ್ದು ಅವನೇ. ಸುತ್ತ ಒಮ್ಮೆ ನೋಡಿ: ವಾದಿರಾಜ ಮಠ, ಸ್ವಾದಿ ಜೈನ ಮಠ, ಸ್ವರ್ಣವಲ್ಲಿ ಮಠ, ಎಲ್ಲ ಹತ್ತಿರ ಹತ್ತಿರ. ಅರಸರು ವೀರಶೈವರು. ಮಾಧ್ವರಿಗೂ ಜೈನರಿಗೂ ಸ್ಮಾರ್ತರಿಗೂ ಜಾಗ ಇತ್ತು. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ. ಸಣ್ಣ ರಾಜ್ಯ ಉಳಿಯಬೇಕಾದರೆ ಎಲ್ಲರನ್ನೂ ಜೊತೆಗೆ ಇಟ್ಟುಕೊಳ್ಳಲೇಬೇಕಿತ್ತು.

ಅಕ್ಕಪಕ್ಕದವರಿಗೆ ಈ ಸಣ್ಣ ರಾಜ್ಯದ ಮೇಲೆ ಕಣ್ಣು ಬೀಳಲು ಕಾರಣ ಕಾಳುಮೆಣಸು. ನಮ್ಮ ತೋಟಗಳಲ್ಲಿ ಈಗಲೂ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುತ್ತೇವೆ. ಚಳಿ ಮುಗಿಯುತ್ತಾ ಬಂದಾಗ ಕೊಯ್ಲು. ಏಣಿ ಹಾಕಿ ಮೇಲೆ ಹತ್ತಬೇಕು, ಗೊಂಚಲು ಗೊಂಚಲಾಗಿ ಕೈಯಲ್ಲೇ ಬಿಡಿಸಬೇಕು. ಸೊಂಟಕ್ಕೆ ಕಟ್ಟಿದ ಚೀಲ ತುಂಬಿದ ಮೇಲೆ ಇಳಿಯಬೇಕು. ಕಾಳು ಉದುರಿಸಿ ಅಂಗಳದಲ್ಲಿ ಹರವುತ್ತೇವೆ. ಹಸಿರು ಕಾಳು ಬಿಸಿಲಿಗೆ ಮುದುಡಿ ಕಪ್ಪಾಗುತ್ತದೆ. ಚೆನ್ನಾಗಿ ಒಣಗಿತೋ ಇಲ್ಲವೋ ಅಂತ ಅಜ್ಜಿ ಹಲ್ಲಲ್ಲಿ ಕಚ್ಚಿ ನೋಡುತ್ತಿದ್ದರು. ಟಕ್ ಅಂತ ಒಡೆಯಬೇಕು. ಹೀಗೆ ಮನೆಮನೆಯ ಅಂಗಳದಲ್ಲಿ ಒಣಗಿದ ಕಾಳು ಘಟ್ಟ ಇಳಿದು ಕಾರವಾರ, ಅಂಕೋಲಾ, ಮಿರ್ಜಾನ್ ಕಡೆ ಹೋಗುತ್ತಿತ್ತು. ಇಂಗ್ಲಿಷರು 1638ರಷ್ಟು ಹಿಂದೆಯೇ ಕಾರವಾರದ ಕಡವಾಡದಲ್ಲಿ ಕೋಠಿ (ವ್ಯಾಪಾರದ ಮಳಿಗೆ) ತೆರೆದದ್ದೂ ಇದೇ ಮೆಣಸಿಗೆ, ಮಸ್ಲಿನ್ ಬಟ್ಟೆಗೆ.

ಯುದ್ಧ ಅಂದರೆ ನಾವು ಕುದುರೆ, ಫಿರಂಗಿ, ಸೇನಾಪತಿ ಅಂತ ಹೇಳುತ್ತೇವೆ. ತೋಟದಲ್ಲಿ ಬೆಳೆದ ಈ ಕಾಳಿನ ಸುಂಕ ಯಾರಿಗೆ ಸೇರಬೇಕು ಅನ್ನುವುದೇ ಜಗಳದ ಬುಡ. ಬೆಳೆದವರನ್ನು ಯಾರೂ ಕೇಳಲಿಲ್ಲ.

ಮಾಜಾಳಿ ಹುಡುಗ

ಅಣ್ಣಾ, ಒಂದು ಪ್ರಶ್ನೆ. ಹಾಗಾದರೆ ತಪ್ಪೆಲ್ಲ ಹೈದರನದ್ದೇ ಅಲ್ವಾ? ಅವನು ದಂಡು ಕಳಿಸದಿದ್ದರೆ ಸೋದೆ ರಾಜ ಓಡುತ್ತಲೇ ಇರಲಿಲ್ಲ. ಪೋರ್ಚುಗೀಸರು ಸುಮ್ನೆ ಆಶ್ರಯ ಕೊಟ್ಟರು ಅಷ್ಟೇ. ಫೇಸ್‌ಬುಕ್‌ನಲ್ಲಿ ಹಾಗೇ ಬರೆದಿದ್ದರು.

ಅಂಕೋಲೆ ಮಾಸ್ತರ್

ತಮ್ಮಾ, ಒಳ್ಳೆ ಪ್ರಶ್ನೆ. ದಂಡು ಕಳಿಸಿದವನು ಹೈದರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಂದಿನ ಹತ್ತಿಪ್ಪತ್ತು ವರ್ಷ ನೋಡದೆ 1763 ಅರ್ಥ ಆಗುವುದಿಲ್ಲ.

ಸೋದೆ ಆಗಲೇ ನಾಲ್ಕೂ ಕಡೆಯಿಂದ ಒತ್ತಡದಲ್ಲಿತ್ತು. ದಕ್ಷಿಣಕ್ಕೆ ಕೆಳದಿಯವರು. ಅವರ ರಾಜಧಾನಿ ಬಿದನೂರು, ಕರಾವಳಿಯಲ್ಲಿ ಹೊನ್ನಾವರ, ಭಟ್ಕಳ, ಮಂಗಳೂರು ಅವರದ್ದು. ಉತ್ತರ ಮತ್ತು ಪೂರ್ವಕ್ಕೆ ಮರಾಠರು, ಕಪ್ಪ ಕೇಳುವವರು. ಪಶ್ಚಿಮಕ್ಕೆ ಗೋವಾದ ಪೋರ್ಚುಗೀಸರು. ಯಾರಿಗೆ ಬಗ್ಗಿದರೂ ಇನ್ನೊಬ್ಬರಿಗೆ ಸಿಟ್ಟು.

ನೀನು ಪೋರ್ಚುಗೀಸರು ಸುಮ್ನೆ ಆಶ್ರಯ ಕೊಟ್ಟರು ಅಂದೆ. 1752ರಲ್ಲಿ ಅವರು ಏನು ಮಾಡಿದರು ಗೊತ್ತಾ? ಇದೇ ಸೋದೆಯ ಮೇಲೆ ಯುದ್ಧ ಸಾರಿ ಸದಾಶಿವಗಡ ಹಿಡಿದರು. ಆ ಕೋಟೆ ಕಟ್ಟಿಸಿದ್ದು ಸೋದೆಯ ಬಸವಲಿಂಗ ಅರಸ, ತಂದೆ ಸದಾಶಿವನ ಹೆಸರಿನಲ್ಲಿ. ಕೋಟೆ ಹಿಡಿದ ಕೂಡಲೇ ಕಾರವಾರದ ವ್ಯಾಪಾರ ಪೂರ್ತಿ ನಮ್ಮದು ಎಂದರು. ನೂರು ವರ್ಷ ಇಲ್ಲಿ ವ್ಯಾಪಾರ ಮಾಡಿದ್ದ ಇಂಗ್ಲಿಷ್ ಕಂಪನಿ ಗಂಟುಮೂಟೆ ಕಟ್ಟಿಕೊಂಡು ಹೋಯಿತು. ಕೋಟೆಯನ್ನು ಮುಂದೆ ಸೋದೆಗೆ ವಾಪಸು ಕೊಟ್ಟರು, ಅದು ಬೇರೆ. ಆದರೆ ಮನಸ್ಸಿನಲ್ಲಿ ಏನಿತ್ತು ಅಂತ ಗೊತ್ತಾಯಿತಲ್ಲ. 1756ರಲ್ಲಿ ಗೋವಾದ ವೈಸ್‌ರಾಯ್ ತಾನೇ ಪೋಂಡಾದ ಮರ್ದನಗಡದ ಮೇಲೆ ಹೋಗಿ ಅಲ್ಲೇ ಸತ್ತ. ಆ ನೆಲ ಬೇಕು ಅನ್ನುವ ಆಸೆ ಅಷ್ಟಿತ್ತು.

ಇನ್ನು ಹೈದರ್. 1761ರಲ್ಲಿ ಪಾಣಿಪತ್‌ನಲ್ಲಿ ಮರಾಠರು ಸೋತರು. ದಕ್ಷಿಣದ ಮೇಲಿನ ಅವರ ಹಿಡಿತ ಸ್ವಲ್ಪ ಸಡಿಲ ಆಯಿತು. ಆ ಸಮಯ ನೋಡಿ ಹೈದರ್ ಹೊರಟ. ಬಿದನೂರಿನ ರಾಣಿ ವೀರಮ್ಮಾಜಿಯನ್ನು ಸೆರೆಹಿಡಿದು ಮಧುಗಿರಿಗೆ ಕಳಿಸಿದ. ಊರಿಗೆ ಹೈದರ್‌ನಗರ ಅಂತ ಹೆಸರಿಟ್ಟ. ಅಲ್ಲಿ ಸಿಕ್ಕ ಹಣ ಅವನ ಮುಂದಿನ ಎಲ್ಲ ಯುದ್ಧಗಳಿಗೂ ಆಸರೆ ಆಯಿತು. ಬಿದನೂರಿನ ಜೊತೆ ಕರಾವಳಿ ಬಂತು. ಒಳನಾಡಿನ ಮೈಸೂರಿಗೆ ಮೊದಲ ಸಲ ಒಳ್ಳೆಯ ಬಂದರುಗಳು ಸಿಕ್ಕವು. ಹಡಗು ಕಟ್ಟಿಸಲು ಶುರು ಮಾಡಿದ. ಇಷ್ಟಾದ ಮೇಲೆ ಪಕ್ಕದಲ್ಲಿ ಮೆಣಸು ಬೆಳೆಯುವ, ಬಂದರು ಇರುವ, ಮರಾಠರ ಕಡೆ ವಾಲುವ ಒಂದು ಸಣ್ಣ ರಾಜ್ಯವನ್ನು ಅವನು ಹಾಗೇ ಬಿಡುತ್ತಿದ್ದನಾ?

ಹಾಗಾಗಿ ಒಬ್ಬನ ಹೆಸರು ಹೇಳಿ ಮುಗಿಸಬೇಡ. ಒಬ್ಬ ಬಾಗಿಲು ಒಡೆದ. ಇನ್ನೊಬ್ಬ ಆ ಬಾಗಿಲ ಹತ್ತಿರ ಮೊದಲಿಂದಲೂ ಕಾಯುತ್ತಿದ್ದ.

ಬಂದರು ಬದಿ (ಹೊನ್ನಾವರ)

ಮಾಸ್ತರ್ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಪೋರ್ಚುಗೀಸರು ಈ ಕರಾವಳಿಯಲ್ಲಿ ಹೇಗೆ ನಡೆದುಕೊಂಡಿದ್ದರು ಅನ್ನುವುದು ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. 1542ರಲ್ಲಿ ಭಟ್ಕಳಕ್ಕೆ ಬೆಂಕಿ ಇಟ್ಟರು. 1569ರಲ್ಲಿ ಹೊನ್ನಾವರದ ಮೇಲೆ ಬಂದರು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರೇ ಮೆಣಸಿನ ರಾಣಿ ಎಂದು ಕರೆದರು. ಆ ರಾಣಿಯ ರಾಜ್ಯವನ್ನು ಕೊನೆಗೆ ನುಂಗಿದ್ದು ಮಾತ್ರ ಪಕ್ಕದ ಕೆಳದಿಯವರು.

ಅಂದರೆ ಮೆಣಸಿನ ನಾಡಿಗೆ ಇದು ಹೊಸದಲ್ಲ. ಸಮುದ್ರದ ಕಡೆಯಿಂದ ಒಬ್ಬರು, ಘಟ್ಟದ ಕಡೆಯಿಂದ ಒಬ್ಬರು. ಗೇರುಸೊಪ್ಪೆಗೆ ಆದದ್ದೇ ನೂರೈವತ್ತು ವರ್ಷ ಕಳೆದು ಸೋದೆಗೆ ಆಯಿತು.

ಕಾಳಿ ದಂಡೆ (ಸದಾಶಿವಗಡ)

ಇಲ್ಲಿ ಸೋದೆಯ ಪರವಾಗಿ ಮಾತಾಡುವಾಗ ನಾವೂ ಸ್ವಲ್ಪ ಜಾಗ್ರತೆಯಿಂದ ಇರಬೇಕು. ಪೋಂಡಾ ಮೊದಲಿಂದಲೂ ಸೋದೆಯವರದ್ದಲ್ಲ. ಅದು ಬಿಜಾಪುರದವರ ಕೈಲಿತ್ತು. 1675ರಲ್ಲಿ ಶಿವಾಜಿ ಮುತ್ತಿಗೆ ಹಾಕಿ ಗೆದ್ದರು. ಅದೇ ದಂಡಯಾತ್ರೆಯಲ್ಲಿ ಕಾರವಾರ, ಅಂಕೋಲಾ ಕೂಡ ಅವರ ಕೈ ಸೇರಿದವು. ಆಮೇಲೆ ಮೊಘಲರು ಬಂದರು. ಕೈಯಿಂದ ಕೈಗೆ ಹೋಗುತ್ತಾ ಪೋಂಡಾ ಸೋದೆಗೆ ಬಂತು. ದೊಡ್ಡವರು ಜಗಳ ಆಡುವಾಗ ಸೋದೆಯವರೂ ತಮ್ಮ ಗಡಿ ದೊಡ್ಡದು ಮಾಡಿಕೊಂಡರು. ಅವರನ್ನು ಪೂರ್ತಿ ಮುಗ್ಧರು ಅನ್ನಲು ಆಗುವುದಿಲ್ಲ.

ಹಾಗಂತ ಅವರ ಪಾಡು ನೆನೆದರೆ ಹೊಟ್ಟೆ ಚುರ್ ಅನ್ನುತ್ತದೆ. ಇನ್ನೂರು ವರ್ಷ ಆಳಿದ ಮನೆತನ. ಘಟ್ಟದ ಆ ಕಾಡಲ್ಲಿ ಹೆಂಗಸರು ಮಕ್ಕಳನ್ನು ಕರೆದುಕೊಂಡು ಇಳಿದಿದ್ದಾರೆ. ಅವರು ಹೋಗಿ ನಿಂತದ್ದು ಹನ್ನೊಂದು ವರ್ಷದ ಹಿಂದೆ ತಮ್ಮ ಕೋಟೆಯನ್ನೇ ಕಿತ್ತುಕೊಂಡವರ ಬಾಗಿಲಲ್ಲಿ. ಬೇರೆ ದಾರಿಯೇ ಇರಲಿಲ್ಲ ಅಂತ ಅರ್ಥ.

ಪೋಂಡಾದಲ್ಲಿ ಇರುವ ಕಾರವಾರದವಳು

ನಾನು ಮದುವೆಯಾಗಿ ಈ ಕಡೆ ಬಂದವಳು. ಸೋದೆ ಅರಸರು ಬಂದು ನೆಲೆಸಿದ ಜಾಗ ನಮ್ಮ ಮನೆಯಿಂದ ದೂರ ಇಲ್ಲ. ಬಾಂದೋಡೆ ಅಂತ ಊರು, ನಾಗೇಶಿ ದೇವಸ್ಥಾನದ ಆಸುಪಾಸು. ಇಲ್ಲಿಯವರು ಆ ಮನೆತನವನ್ನು ಸೌಂದೇಕರ್ ಅಂತಲೇ ಕರೆಯುತ್ತಾರೆ.

ನಾಗೇಶಿಯ ಬಗ್ಗೆ ಹೇಳಲೇಬೇಕು. ದೇವಸ್ಥಾನದ ಎದುರಿಗೆ ಕಲ್ಲಿನ ಮೆಟ್ಟಿಲಿನ ಕೆರೆ. ನೀರಲ್ಲಿ ಮೀನುಗಳು ಓಡಾಡುತ್ತವೆ. ಒಳಗೆ ಸಭಾಮಂಟಪದಲ್ಲಿ ತಲೆ ಎತ್ತಿ ನೋಡಿದರೆ ಮರದ ಪಟ್ಟಿಯ ಉದ್ದಕ್ಕೂ ರಾಮಾಯಣದ ಕೆತ್ತನೆ, ಅದಕ್ಕೆ ಬಣ್ಣ. ಅಲ್ಲೇ 1413ರ ವಿಜಯನಗರ ಕಾಲದ ಒಂದು ಶಾಸನವೂ ಇದೆ. ಅಂದರೆ ಸೋದೆ ಅರಸರು ಬರುವ ಎಷ್ಟೋ ಮುಂಚೆಯೇ ಈ ಜಾಗಕ್ಕೆ ನಮ್ಮ ಕಡೆಯ ನಂಟು ಇತ್ತು.

ಇನ್ನೊಂದು ವಿಷಯ. 1560ರ ದಶಕದಲ್ಲಿ ಪೋರ್ಚುಗೀಸರು ಗೋವಾದ ಸಾಲ್ಸೇಟ್ ಸೀಮೆಯ ಕಡೆ ದೇವಸ್ಥಾನಗಳನ್ನು ಕೆಡವಿದಾಗ ಜನ ದೇವರನ್ನು ಹೊತ್ತು ಹೊಳೆ ದಾಟಿ ಪೋಂಡಾ ಸೀಮೆಗೆ ತಂದರು. ಮಂಗೇಶಿ, ಶಾಂತಾದುರ್ಗಾ, ಮಹಾಲಸಾ, ರಾಮನಾಥ ಎಲ್ಲ ಹೀಗೆ ಬಂದವು. ಆಗ ಇದು ಪೋರ್ಚುಗೀಸರ ನೆಲ ಅಲ್ಲ. 1763ರಲ್ಲಿ ಇದೂ ಅವರ ಕೈಗೆ ಹೋಯಿತು. ಇಲ್ಲಿನ ಜನ ಎಷ್ಟು ಹೆದರಿರಬೇಕು ಯೋಚನೆ ಮಾಡಿ. ಯಾರಿಂದ ಓಡಿ ಬಂದರೋ ಅವರೇ ಮನೆ ಬಾಗಿಲಿಗೆ ಬಂದ ಹಾಗೆ. ಆದರೆ ಅಷ್ಟರಲ್ಲಿ ಕಾಲ ಬದಲಾಗಿತ್ತು. ಹೊಸದಾಗಿ ಸೇರಿದ ಸೀಮೆಯ ದೇವಸ್ಥಾನ, ಪದ್ಧತಿ ಮುಟ್ಟುವುದಿಲ್ಲ ಎಂದು ಪೋರ್ಚುಗೀಸರು ಮಾತು ಕೊಡಬೇಕಾಯಿತು. ಆ ಮಾತು ಉಳಿದದ್ದಕ್ಕೇ ಕಾರವಾರ, ಕುಮಟಾ, ಹೊನ್ನಾವರದ ಎಷ್ಟೋ ಮನೆಯವರು ಇವತ್ತಿಗೂ ಕುಲದೇವರಿಗೆ ಅಂತ ಇಲ್ಲಿಗೆ ಬರುತ್ತಾರೆ.

ಕಾಣಕೋಣದ ಪರ್ತಗಾಳಿ ಮಠವನ್ನೂ ಮರೆಯಬೇಡಿ. ಮಠ ಇರುವುದು ಗೋವಾದಲ್ಲಿ, ಹೆಸರಿನಲ್ಲಿ ಗೋಕರ್ಣ ಇದೆ. ಶಿಷ್ಯರು ನಮ್ಮ ಕರಾವಳಿಯ ಉದ್ದಕ್ಕೂ ಇದ್ದಾರೆ. ಗಡಿ ಬಿತ್ತು, ಸಂಬಂಧ ಕಡಿಯಲಿಲ್ಲ.

ಮಾಜಾಳಿ ಹುಡುಗ

ಅಕ್ಕಾ, ನಮ್ಮ ಮನೆಯವರೂ ವರ್ಷಕ್ಕೊಮ್ಮೆ ಶಾಂತಾದುರ್ಗಾಕ್ಕೆ ಹೋಗುತ್ತೇವೆ. ಯಾಕೆ ಅಷ್ಟು ದೂರ ಅಂತ ಯಾವತ್ತೂ ಕೇಳಿರಲಿಲ್ಲ. ಸರಿ, ಇನ್ನೊಂದು ಪ್ರಶ್ನೆ. 1799ರಲ್ಲಿ ಟಿಪ್ಪು ಸತ್ತನಲ್ಲ, ಆಗ ಸೋದೆ ಅರಸರಿಗೆ ರಾಜ್ಯ ವಾಪಸು ಯಾಕೆ ಕೊಡಲಿಲ್ಲ? ಮೈಸೂರು ಒಡೆಯರಿಗೆ ಕೊಟ್ಟರಲ್ವಾ?

ಇನ್ನೊಬ್ಬ ಸದಸ್ಯ

ಇದೆಲ್ಲ ಹಳೇ ಕಥೆ. ಕಾರವಾರ ಯಾರಿಗೆ ಸೇರಬೇಕು ಅನ್ನುವುದು ಮುಖ್ಯ. ಮಹಾರಾಷ್ಟ್ರದವರು ಕೇಳುತ್ತಾರೆ, ಗೋವಾಕ್ಕೆ ಸೇರಿಸಿ ಅನ್ನುವವರೂ ಇದ್ದಾರೆ. ಅದರ ಬಗ್ಗೆ ಹೇಳಿ.

ನಿರ್ವಾಹಕರು

ದಯವಿಟ್ಟು ಇವತ್ತಿನ ಗಡಿ ರಾಜಕೀಯ ಇಲ್ಲಿ ಬೇಡ. ಅದಕ್ಕೆ ಬೇರೆ ಚರ್ಚೆ ಇದೆ. ಇಲ್ಲಿ 18ನೇ ಶತಮಾನದ ಯುದ್ಧದ ಬಗ್ಗೆ ಮಾತ್ರ ಬರೆಯಿರಿ. ಮಾಸ್ತರ್, ಹುಡುಗನ ಪ್ರಶ್ನೆಗೆ ಉತ್ತರ ಕೊಡಿ.

ಅಂಕೋಲೆ ಮಾಸ್ತರ್

ಕೊಡುತ್ತೇನೆ. ನಡುವೆ ಆದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಸೋದೆ ಹೈದರನಿಗೆ ಸಿಕ್ಕ ಮೇಲೂ ಅವನಿಗೆ ನೆಮ್ಮದಿ ಇರಲಿಲ್ಲ. 1764ರಲ್ಲಿ ಪೇಶ್ವೆ ಮಾಧವರಾವ್ ದಂಡು ತೆಗೆದುಕೊಂಡು ಬಂದು ರಟ್ಟಿಹಳ್ಳಿ ಹತ್ತಿರ ಅವನನ್ನು ಚೆನ್ನಾಗಿ ಸೋಲಿಸಿದರು. ಆದರೂ ಈ ಸೀಮೆ ಅವನ ಕೈ ತಪ್ಪಲಿಲ್ಲ. 1783ರಲ್ಲಿ ಇಂಗ್ಲಿಷ್ ಜನರಲ್ ಮ್ಯಾಥ್ಯೂಸ್ ಹೊನ್ನಾವರ, ಸದಾಶಿವಗಡ ಹಿಡಿದ. ಮರುವರ್ಷ ಮಂಗಳೂರು ಒಪ್ಪಂದದಲ್ಲಿ ಅವೆಲ್ಲ ಟಿಪ್ಪುವಿಗೆ ವಾಪಸಾದವು. ಹೊನ್ನಾವರದ ಕೋಟೆಯಲ್ಲಿ ಕ್ಯಾಪ್ಟನ್ ಟೊರಿಯಾನೊ ತಿಂಗಳುಗಟ್ಟಲೆ ಮುತ್ತಿಗೆ ತಡೆದುಕೊಂಡ ಕಥೆ ಬಂದರು ಬದಿಯವರು ಇನ್ನೊಮ್ಮೆ ಹೇಳಲಿ, ಅದು ದೊಡ್ಡದು.

ಈಗ ನಿನ್ನ ಪ್ರಶ್ನೆ. 1791ರಲ್ಲಿ ಪೋರ್ಚುಗೀಸರು ಆಶ್ರಯದಲ್ಲಿದ್ದ ಅರಸನಿಂದ ಆ ಸೀಮೆಗಳನ್ನು ಕಾಗದದ ಮೇಲೆ ತಮ್ಮ ಹೆಸರಿಗೆ ಬರೆಸಿಕೊಂಡರು. ಅಲ್ಲಿಯವರೆಗೆ ಅದು ನೋಡಿಕೊಳ್ಳಲು ಕೊಟ್ಟ ನೆಲ ಅನ್ನುವ ಮಾತಾದರೂ ಇತ್ತು. ಆಮೇಲೆ ಅದೂ ಇಲ್ಲ. ಅರಸನಿಗೆ ವರ್ಷಾಶನ, ನೆಲ ಅವರಿಗೆ.

1799ರಲ್ಲಿ ಇಂಗ್ಲಿಷರು ಮೈಸೂರಿನ ಒಡೆಯರನ್ನು ಕೂರಿಸಿದರು ನಿಜ. ಆದರೆ ಕರಾವಳಿಯನ್ನು ಅವರಿಗೂ ಕೊಡಲಿಲ್ಲ, ಗಮನಿಸಿದೆಯಾ? ಕೆನರಾ ಮತ್ತು ಸೋದೆ ಸೀಮೆಯನ್ನು ಕಂಪನಿ ತಾನೇ ಇಟ್ಟುಕೊಂಡಿತು. ಥಾಮಸ್ ಮನ್ರೊ ಮೊದಲ ಕಲೆಕ್ಟರ್ ಆಗಿ ಬಂದ. ಮೈಸೂರಿಗೆ ಮತ್ತೆ ಸಮುದ್ರ ಸಿಗಬಾರದು, ಮೆಣಸಿನ ಕರಾವಳಿ ಬೇರೆಯವರ ಕೈಲಿ ಇರಬಾರದು. ಹೈದರ್ ಯಾವುದಕ್ಕಾಗಿ ಬಂದನೋ ಕಂಪನಿ ಕೂತದ್ದೂ ಅದಕ್ಕೇ. ಸೋದೆ ಅರಸನನ್ನು ಕರೆದು ಕೂರಿಸುವುದರಿಂದ ಅವರಿಗೆ ಏನು ಲಾಭ?

ಘಟ್ಟದ ಮೇಲಿನವಳು (ಸಿರ್ಸಿ)

1801ರಲ್ಲಿ ಫ್ರಾನ್ಸಿಸ್ ಬ್ಯುಕ್ಯಾನನ್ ಈ ದಾರಿಯಲ್ಲಿ ಬಂದಾಗ ಸೋದೆ ಪಟ್ಟಣ ಹಾಳು ಬಿದ್ದಿತ್ತು. ನಾಲ್ಕು ದಶಕ ಕೂಡ ಆಗಿರಲಿಲ್ಲ. ಅರಸ ಹೋದರೆ ಪೇಟೆ ಹೋಗುತ್ತದೆ, ಪೇಟೆ ಹೋದರೆ ಕಸುಬಿನವರು ಹೋಗುತ್ತಾರೆ. ಸುತ್ತಲಿನ ತೋಟ ಮಾತ್ರ ಉಳಿಯಿತು. ಕಂದಾಯ ಕೇಳುವವರು ಬದಲಾದರು, ಅಡಿಕೆ ಸುಲಿಯುವವರು ಅವರೇ. ಕೋಟೆ ಇದ್ದ ಜಾಗಕ್ಕೆ ಯಾರಾದರೂ ಬರುವುದಿದ್ದರೆ ಮಳೆಗಾಲ ಕಳೆದ ಮೇಲೆ ಬನ್ನಿ. ಗಿಡಗಂಟಿ ಕಡಿಮೆ ಇರುತ್ತದೆ, ಗೋಡೆಯ ಸಾಲು ಕಾಣುತ್ತದೆ. ನಾನೇ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಒಂದು ಒಳ್ಳೆಯ ಫಲಕ ಹಾಕಿಸಬೇಕು ಅನ್ನುವುದು ನನ್ನ ಆಸೆ. ಪೋಂಡಾದವರೆಗೆ ಚಾಚಿದ್ದ ರಾಜ್ಯದ ನಕ್ಷೆ ಅದರಲ್ಲಿ ಇರಬೇಕು.

ಪೋಂಡಾದಲ್ಲಿ ಇರುವ ಕಾರವಾರದವಳು

ನಕ್ಷೆ ಮಾಡುವುದಾದರೆ ಈ ಕಡೆಯ ಊರುಗಳ ಹೆಸರು ನಾನು ಬರೆದು ಕೊಡುತ್ತೇನೆ. ನನ್ನ ಪರಿಚಯದ ಮೇಷ್ಟ್ರೊಬ್ಬರಿಗೆ ಇಲ್ಲಿನ ಕೋಟೆಗಳ ಜಾಗ ಎಲ್ಲ ಗೊತ್ತು.

ಮಾಜಾಳಿ ಹುಡುಗ

ಕೊನೆಯದಾಗಿ ಇನ್ನೊಂದು ಕೇಳಿಬಿಡುತ್ತೇನೆ. ಅಂಜುದೀವ ದ್ವೀಪ ನಮ್ಮ ಬಿಣಗಾ, ಅರ್ಗಾ ಎದುರಿಗೇ ಇದೆ. ಅದು ಯಾಕೆ ಗೋವಾದ ಲೆಕ್ಕದಲ್ಲಿದೆ? ಅದೂ 1763ರಲ್ಲೇ ಹೋದದ್ದಾ?

ಕಾಳಿ ದಂಡೆ (ಸದಾಶಿವಗಡ)

ಇಲ್ಲ, ಅದು ಬೇರೆ ಕಥೆ. ಅಂಜುದೀವದಲ್ಲಿ ಪೋರ್ಚುಗೀಸರು 1505ರಲ್ಲೇ ಕೋಟೆ ಕಟ್ಟಿ ಸ್ವಲ್ಪ ದಿನಕ್ಕೆ ಬಿಟ್ಟು ಹೋಗಿದ್ದರು. 1682ರಲ್ಲಿ ಮರಾಠರ ಭಯಕ್ಕೆ ಮತ್ತೆ ಬಂದು ಗಟ್ಟಿಯಾಗಿ ಕೂತರು. ಹಾಗಾಗಿ ಸೋದೆ ಹಂಚಿಹೋಗುವಾಗ ಅದು ಆಗಲೇ ಅವರ ಕೈಲಿತ್ತು. ಎದುರಿನ ದಡ ಮೈಸೂರಿಗೆ, ಆಮೇಲೆ ಇಂಗ್ಲಿಷರಿಗೆ ಹೋಯಿತು, ದ್ವೀಪ ಮಾತ್ರ ಅಲ್ಲಾಡಲಿಲ್ಲ. 1961ರ ನವೆಂಬರ್‌ನಲ್ಲಿ ಅಲ್ಲಿಂದ ಸಾಬರಮತಿ ಎಂಬ ಹಡಗಿನ ಮೇಲೆ ಗುಂಡು ಹಾರಿತು. ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯ ಹೊತ್ತಿಗೆ ನಮ್ಮ ನೌಕಾಪಡೆಯ ಮೈಸೂರು, ತ್ರಿಶೂಲ ಹಡಗುಗಳಿಂದ ಸೈನಿಕರು ದ್ವೀಪಕ್ಕೆ ಇಳಿದರು. ಏಳು ಮಂದಿ ಅಲ್ಲಿ ಪ್ರಾಣ ಕೊಟ್ಟರು. ಪೋರ್ಚುಗೀಸರ ಕೈಲಿದ್ದ ನೆಲ ಆದ್ದರಿಂದ ಗೋವಾದ ಲೆಕ್ಕಕ್ಕೇ ಹೋಯಿತು. ಕಾಗದದಲ್ಲಿ ಕಾಣಕೋಣ ತಾಲೂಕು, ಈಗ ಇರುವುದು ಕದಂಬ ನೌಕಾನೆಲೆಯ ಒಳಗೆ.

ನಕ್ಷೆಯ ಕೆಲಸಕ್ಕೆ ನಾನೂ ಇದ್ದೇನೆ. ಸದಾಶಿವಗಡದಿಂದ ಪೋಳೆಂವರೆಗಿನ ಗುಡ್ಡಗಳನ್ನು ನಾನು ಗುರುತು ಹಾಕುತ್ತೇನೆ. ಮಾಸ್ತರ್ ಅಂಕೋಲಾ ಕಡೆ ನೋಡಿಕೊಳ್ಳಲಿ. ಹುಡುಗ, ನೀನು ಮಾಜಾಳಿಯ ಹಿರಿಯರನ್ನು ಕೇಳಿ ಹಳೇ ಗಡಿಕಲ್ಲು ಎಲ್ಲೆಲ್ಲಿವೆ ಅಂತ ಬರೆದುಕೊಂಡು ಬಾ.